ಡೇ ಕೇರ್: ಬೋರ್ಡ್ ನೋಡಬೇಡಿ, ಕೈ ನೋಡಿ

ಒಂದೂವರೆ, ಎರಡು ವರ್ಷದ ಮಗುವನ್ನು ಡೇ ಕೇರ್‌ಗೆ ಸೇರಿಸಲು ಹೊರಟ ತಂದೆತಾಯಿ ಸಾಮಾನ್ಯವಾಗಿ ಏನು ವಿಚಾರಿಸುತ್ತಾರೆ? ಫೀಸು ಎಷ್ಟು, ಮನೆಯಿಂದ ಎಷ್ಟು ದೂರ, ಎಸಿ ಇದೆಯೇ, ಕ್ಯಾಮೆರಾ ಇದೆಯೇ ಎಂದು ಕೇಳುತ್ತಾರೆ. ನಮ್ಮ ಸಮುದಾಯದವರಾದರೆ ಇನ್ನೆರಡು ಪ್ರಶ್ನೆಗಳು ಸೇರುತ್ತವೆ. ಊಟ ಹಲಾಲ್ ತಾನೇ? ದುಆ, ಸೂರಃ ಕಲಿಸುತ್ತಾರಾ? ಇವುಗಳಲ್ಲಿ ಯಾವ ಪ್ರಶ್ನೆಯೂ ತಪ್ಪಲ್ಲ. ಆದರೆ ಮಗುವಿನ ಡೈಪರ್ ಬದಲಿಸಿದ ಆಯಾ ಆಮೇಲೆ ಎಲ್ಲಿ ಕೈ ತೊಳೆಯುತ್ತಾರೆ ಎಂದು ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ಪವಿತ್ರ ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ 'ಹಲಾಲ್' ಎಂಬ ಪದದ ಜೊತೆಯಲ್ಲೇ 'ತಯ್ಯಿಬ್' ಎಂಬ ಪದವನ್ನೂ ಇಟ್ಟಿದೆ (ಅಲ್ ಬಕರಃ 168). ತಯ್ಯಿಬ್ ಎಂದರೆ ಶುದ್ಧವಾದದ್ದು, ಒಳ್ಳೆಯದು, ದೇಹಕ್ಕೆ ಹಿತವಾದದ್ದು. ನಾವು ಮೊದಲನೆಯದನ್ನು ಕೇಳಿ ನಿಶ್ಚಿಂತರಾಗುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಇಸ್ಲಾಮೀ ಹೆಸರಿನ ಬೋರ್ಡ್ ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ತಯ್ಯಿಬ್ ಆಗುವುದಿಲ್ಲ. ಗೋಡೆಯ ಮೇಲೆ ಬಣ್ಣದ ಚಿತ್ರವಿದ್ದ ಮಾತ್ರಕ್ಕೂ ಆಗುವುದಿಲ್ಲ. ಡೇ ಕೇರ್ ಆರಿಸುವಾಗ ಬೋರ್ಡ್ ನೋಡುವ ಮೊದಲು ಮಗುವನ್ನು ಎತ್ತಿಕೊಳ್ಳುವ ಕೈಯನ್ನು ನೋಡಿ. ಆ ಕೈ ಶುಚಿಯಾಗಿದೆಯೇ, ಮೃದುವಾಗಿದೆಯೇ, ಅದರ ಮೇಲೆ ಎಷ್ಟು ಮಕ್ಕಳ ಹೊರೆ ಬಿದ್ದಿದೆ ಎಂದು ಗಮನಿಸಿ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಕಳಿಸುವುದೇ ತಪ್ಪೇ?

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಮಗುವನ್ನು ಬೇರೆಯವರ ಬಳಿ ಬಿಟ್ಟು ಕೆಲಸಕ್ಕೆ ಹೋಗುವ ತಾಯಿಯ ಬಗ್ಗೆ ನಮ್ಮ ಮನೆಗಳಲ್ಲಿ ಹಗುರವಾಗಿ ಮಾತನಾಡುವುದುಂಟು. ಶಾಲೆಯ ಟೀಚರು, ಆಸ್ಪತ್ರೆಯ ನರ್ಸು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಹೊಲಿಯುವಾಕೆ, ಗಂಡನನ್ನು ಕಳೆದುಕೊಂಡು ಮನೆ ನಡೆಸುವಾಕೆ, ಇವರಲ್ಲಿ ಯಾರೂ ಶೋಕಿಗಾಗಿ ಮಗುವನ್ನು ಬಿಟ್ಟು ಹೋಗುತ್ತಿಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ ಇರುವ ಮನೆಗಳೂ ಈಗ ಕಡಿಮೆಯಾಗಿವೆ. ಇದ್ದರೂ ಮಂಡಿನೋವು, ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ ಓಡಾಡುವ ಮಗುವಿನ ಹಿಂದೆ ದಿನವಿಡೀ ಓಡುವುದು ಸುಲಭವಲ್ಲ.

ಎದೆಹಾಲಿನ ಅವಧಿಯನ್ನು ಪೂರ್ಣಗೊಳಿಸಬೇಕೆನ್ನುವವರಿಗೆ ಎರಡು ವರ್ಷವೆಂದು ಹೇಳುವ ಅಲ್ ಬಕರಃದ 233ನೇ ಆಯತ್ ನಮಗೆಲ್ಲ ಗೊತ್ತು. ಅದೇ ಆಯತ್ ಮುಂದುವರಿದು ಮಗುವಿನ ವಿಷಯದಲ್ಲಿ ತಂದೆತಾಯಿ ಪರಸ್ಪರ ಸಮ್ಮತಿಯಿಂದ, ಸಮಾಲೋಚನೆಯಿಂದ ತೀರ್ಮಾನಿಸುವ ಮಾತನ್ನು ಹೇಳುತ್ತದೆ. ಮಗುವನ್ನು ಹಾಲುಣಿಸಲು ಬೇರೆ ಮಹಿಳೆಗೆ ಒಪ್ಪಿಸಬಹುದು, ಆದರೆ ಆಕೆಗೆ ಕೊಡಬೇಕಾದುದನ್ನು ನ್ಯಾಯವಾಗಿ ಕೊಡಬೇಕು ಎಂದೂ ತಿಳಿಸುತ್ತದೆ. ಸ್ವತಃ ಪ್ರವಾದಿ ಮುಹಮ್ಮದ್(ಸ) ತಮ್ಮ ಎಳೆಯ ವರ್ಷಗಳನ್ನು ಬನೂ ಸಅದ್ ಗೋತ್ರದ ಹಲೀಮಾ ಸಅದಿಯಾ(ರ) ಅವರ ಮಡಿಲಲ್ಲಿ ಕಳೆದರು. ಆದ್ದರಿಂದ ಮಗುವನ್ನು ಇನ್ನೊಬ್ಬರ ಆರೈಕೆಗೆ ಕೊಡುವುದು ನಮ್ಮ ಪರಂಪರೆಗೆ ಹೊಸದಲ್ಲ. ಯಾರಿಗೆ ಕೊಡುತ್ತೇವೆ, ಎಷ್ಟು ವಿಚಾರಿಸಿ ಕೊಡುತ್ತೇವೆ ಎಂಬುದೇ ಮುಖ್ಯ.

ಆ ವಿಚಾರಣೆ ತಾಯಿಯೊಬ್ಬಳ ಕೆಲಸವಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಮೆಕ್ಯಾನಿಕ್‌ನನ್ನು ಕರೆದೊಯ್ದು ಅಡಿಮೇಲು ನೋಡುವ ತಂದೆ, ಮಗು ದಿನಕ್ಕೆ ಎಂಟು ಗಂಟೆ ಇರಬೇಕಾದ ಜಾಗವನ್ನು ನೋಡದೆ ಫೀಸು ಮಾತ್ರ ಕಟ್ಟಿ ಬಂದರೆ ಅದು ಅಮಾನತಿಗೆ ಸಲ್ಲಿಸಿದ ನ್ಯಾಯವಲ್ಲ. ಇಬ್ಬರೂ ಹೋಗಿ. ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೆ ಹೋಗಿ. ಹೇಳದೆ ಬಂದ ತಂದೆತಾಯಿಯನ್ನು ಗೇಟಿನಲ್ಲೇ ನಿಲ್ಲಿಸುವ ಕೇಂದ್ರಕ್ಕೆ ಮಗುವನ್ನು ಸೇರಿಸಬೇಡಿ.

ನೋಡಬೇಕಾದ ಆರು ವಿಷಯಗಳು

ಯುನಾನಿ ವೈದ್ಯ ಪದ್ಧತಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬ ಮಾತಿದೆ. ಅಂದರೆ ಮನುಷ್ಯ ಬದುಕಿರುವವರೆಗೆ ತಪ್ಪಿಸಿಕೊಳ್ಳಲಾಗದ, ಆರೋಗ್ಯಕ್ಕೆ ಆಧಾರವಾದ ಆರು ವಿಷಯಗಳು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ ಮತ್ತು ತಡೆ. ದೊಡ್ಡವರು ಇವನ್ನು ತಾವೇ ನೋಡಿಕೊಳ್ಳುತ್ತಾರೆ. ಡೇ ಕೇರ್‌ನಲ್ಲಿರುವ ಮಗುವಿಗೆ ಈ ಆರೂ ಬೇರೆಯವರ ಕೈಯಿಂದಲೇ ಸಿಗಬೇಕು. ಹಾಗಾಗಿ ಕೇಂದ್ರವನ್ನು ನೋಡಲು ಹೋದಾಗ ಈ ಆರನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಗಾಳಿಯ ವಿಷಯ ಸರಳ. ಕಿಟಕಿಗಳು ತೆರೆದಿರಬೇಕು, ಅವುಗಳಿಗೆ ಸೊಳ್ಳೆ ಪರದೆ ಮತ್ತು ಸರಳು ಇರಬೇಕು. ಬಿಸಿಲು ಒಳಗೆ ಬೀಳಬೇಕು. ಹತ್ತಾರು ಮಕ್ಕಳು ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ದಿನವಿಡೀ ಇದ್ದರೆ ಒಬ್ಬನ ನೆಗಡಿ ಎಲ್ಲರ ನೆಗಡಿಯಾಗಲು ಹೆಚ್ಚು ಹೊತ್ತು ಬೇಡ. ಕರಾವಳಿಯ ಮಳೆಗಾಲದಲ್ಲಿ ಗೋಡೆಯ ಮೂಲೆಗಳನ್ನೂ ಹಾಸಿಗೆಯನ್ನೂ ಮುಟ್ಟಿ ನೋಡಿ. ಬೂಸ್ಟು ಹಿಡಿದ ಕೋಣೆ ಉಬ್ಬಸದ ಗುಣವಿರುವ ಮಗುವಿಗೆ ಆಗುವುದಿಲ್ಲ. ಅಂಗಳದಲ್ಲಿ ತೆರೆದ ಸಂಪು, ನೀರು ತುಂಬಿದ ಬಕೆಟ್ ಇವೆಯೇ ಎಂದೂ ನೋಡಿಕೊಳ್ಳಿ. ಪುಟ್ಟ ಮಗು ಮುಳುಗಲು ಒಂದು ಬಕೆಟ್ ನೀರು ಸಾಕು.

ಅನ್ನಪಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕುಡಿಯುವ ನೀರು ಎಲ್ಲಿಯದು, ಕುದಿಸುತ್ತಾರೆಯೇ, ಫಿಲ್ಟರ್ ಇದ್ದರೆ ಅದನ್ನು ಕೊನೆಯ ಸಲ ಯಾವಾಗ ಶುಚಿ ಮಾಡಿದರು ಎಂದು ಕೇಳಿ. ಪ್ರತಿ ಮಗುವಿಗೂ ಹೆಸರು ಬರೆದ ಬೇರೆ ಲೋಟ ಇರಬೇಕು. ಹಾಲಿನ ಬಾಟಲಿ ಬೇಡವೇ ಬೇಡ. ಒಂದು ವರ್ಷ ದಾಟಿದ ಮಗು ಲೋಟದಲ್ಲಿ ಕುಡಿಯಬಲ್ಲದು, ಬಾಟಲಿಯ ನಿಪ್ಪಲ್ ಭೇದಿಗೆ ದಾರಿ. ಊಟವನ್ನು ಮನೆಯಿಂದಲೇ ಕಳಿಸುವುದು ನನ್ನ ಸಲಹೆ. ಹಲಾಲ್ ಬಗೆಗಿನ ಆತಂಕವೂ ತೀರುತ್ತದೆ, ಮಗು ಎಷ್ಟು ತಿಂದಿತು ಎಂಬುದೂ ಡಬ್ಬಿ ನೋಡಿದರೆ ಗೊತ್ತಾಗುತ್ತದೆ. ಗಂಜಿ, ಇಡ್ಲಿ, ಖಿಚಡಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಸಾಕು. ಬಿಸ್ಕತ್ತು, ಚಿಪ್ಸ್, ಪ್ಯಾಕೆಟ್ ಜ್ಯೂಸನ್ನು ನೀವೂ ಕಳಿಸಬೇಡಿ, ಅಲ್ಲಿಯೂ ಕೊಡದಿರಲು ಹೇಳಿ.

ಎರಡು ಎಚ್ಚರಿಕೆಗಳು. ಜೇನಿನಲ್ಲಿ ಶಿಫಾ ಇದೆ ಎಂದು ನಂಬುವವರು ನಾವು. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುವ ವಿಷ ಉಂಟುಮಾಡಬಲ್ಲವು. ಡೇ ಕೇರ್‌ನಲ್ಲಿ ಎಂಟು ತಿಂಗಳ ಮಗುವೂ ಇರುತ್ತದೆ, ಮೂರು ವರ್ಷದ ಮಗುವೂ ಇರುತ್ತದೆ, ಆದ್ದರಿಂದ ಇದನ್ನು ಆಯಾಗೂ ತಿಳಿಸಿ. ಇನ್ನೊಂದು, ಗಂಟಲಲ್ಲಿ ಸಿಕ್ಕಿಕೊಳ್ಳುವ ತಿನಿಸು. ನೆಲಗಡಲೆ, ಹುರಿಗಡಲೆ, ಇಡೀ ದ್ರಾಕ್ಷಿ, ಬೀಜ ತೆಗೆಯದ ಖರ್ಜೂರ ಪುಟ್ಟ ಮಕ್ಕಳ ಕೈಗೆ ಸಿಗಬಾರದು. ಖರ್ಜೂರವನ್ನು ಬೀಜ ತೆಗೆದು, ಚೂರು ಮಾಡಿ, ಮೆತ್ತಗೆ ಹಿಸುಕಿ ಕೊಡಿ.

ಚಲನೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟ ಸಲಹೆ ಕೊಟ್ಟಿದೆ. ಒಂದರಿಂದ ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿ, ಆಡಿಕೊಂಡಿರಬೇಕು. ಎರಡು ವರ್ಷದೊಳಗೆ ಟಿವಿ, ಮೊಬೈಲ್ ಬೇಡ. ಆಮೇಲೆಯೂ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಶೀದ್ ಹಾಡುವ ಕಾರ್ಟೂನ್ ಹಾಕಿದ್ದೇವೆ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಮಗುವಿನ ಕಣ್ಣಿಗೂ ಮೆದುಳಿಗೂ ಅದೂ ಒಂದು ಪರದೆಯೇ.

ಎರಡೂವರೆ ವರ್ಷದ ಮಗುವಿಗೆ ಎಷ್ಟು ಸೂರಃ ಬಾಯಿಪಾಠ ಮಾಡಿಸುತ್ತಾರೆ ಎಂಬ ಲೆಕ್ಕದಲ್ಲಿ ಕೇಂದ್ರವನ್ನು ಅಳೆಯುವುದೂ ಸರಿಯಲ್ಲ. ಊಟಕ್ಕೆ ಮೊದಲು ಆಯಾ ಬಿಸ್ಮಿಲ್ಲಾ ಹೇಳಿದರೆ ಮಗು ತಾನಾಗಿ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಪಾಠಕ್ಕೆ ಮುಂದೆ ಸಮಯವಿದೆ. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್ ಫಿತ್ತಿಬ್' ಗ್ರಂಥದಲ್ಲಿ ಮಗುವನ್ನು ಶಿಕ್ಷಕರಿಗೆ ಒಪ್ಪಿಸಲು ಹೇಳಿದ್ದು ಆರನೆಯ ವರ್ಷದಲ್ಲಿ. ಅದಕ್ಕೂ ಮುಂಚಿನ ಮಗುವಿಗೆ ಅವರು ಹೇಳಿದ ದಿನಚರಿಯಲ್ಲಿ ಸ್ನಾನ, ಆಟ, ತುಸು ಊಟ, ಮತ್ತೆ ಆಟ ಇವೇ ಇವೆ.

ಮನಸ್ಸಿನ ನೆಮ್ಮದಿ

ಇಬ್ನ್ ಸೀನಾ ಹಾಲುಣಿಸುವ ದಾದಿಯನ್ನು ಹೇಗೆ ಆರಿಸಬೇಕೆಂದು ವಿವರವಾಗಿ ಬರೆದಿದ್ದಾರೆ. ವಯಸ್ಸು 25ರಿಂದ 35ರ ನಡುವೆ ಇರಲಿ, ಆರೋಗ್ಯವಂತಳಾಗಿರಲಿ ಎಂದಷ್ಟೇ ಹೇಳಿ ಅವರು ನಿಲ್ಲಿಸುವುದಿಲ್ಲ. ಆಕೆಯ ಸ್ವಭಾವ ಒಳ್ಳೆಯದಿರಬೇಕು, ಕೋಪ, ದುಃಖ, ಭಯಗಳಿಗೆ ಬೇಗ ಒಳಗಾಗುವವಳಾಗಿರಬಾರದು ಎನ್ನುತ್ತಾರೆ. ಮಗುವನ್ನೂ ಅತಿಯಾದ ಕೋಪ, ಭಯ, ದುಃಖಗಳಿಂದ ಕಾಪಾಡಬೇಕು, ಆಗಲೇ ಅದರ ದೇಹ, ಮನಸ್ಸು ಎರಡೂ ಚೆನ್ನಾಗಿರುತ್ತವೆ ಎಂದು ಸಾವಿರ ವರ್ಷದ ಹಿಂದೆ ಆ ಹಕೀಮರು ಹೇಳಿದರು. ಇಂದು ನಾವು ಆಯಾ ಯಾರೆಂದು ವಿಚಾರಿಸದೆ ಕಟ್ಟಡವನ್ನು ವಿಚಾರಿಸುತ್ತಿದ್ದೇವೆ.

ಕೇಂದ್ರಕ್ಕೆ ಹೋದಾಗ ಅರ್ಧ ಗಂಟೆ ಮೂಲೆಯಲ್ಲಿ ಕುಳಿತುಕೊಳ್ಳಿ. ಮಗು ಅತ್ತಾಗ ಆಯಾ ಬಗ್ಗಿ ಅದರ ಮುಖ ನೋಡಿ ಮಾತನಾಡುತ್ತಾರೋ, ದೂರದಿಂದ ಗದರುತ್ತಾರೋ ಗಮನಿಸಿ. 'ಪೊಲೀಸ್ ಬರ್ತಾನೆ', 'ಗುಮ್ಮ ಬರ್ತಾನೆ' ಎಂದು ಹೆದರಿಸುವ ಕಡೆ ಮಗುವನ್ನು ಬಿಡಬೇಡಿ. ಒಬ್ಬ ಆಯಾಗೆ ಎಷ್ಟು ಮಕ್ಕಳು ಎಂದು ಕೇಳಿ. ಮೂರು ವರ್ಷದೊಳಗಿನ ನಾಲ್ಕೈದು ಮಕ್ಕಳಿಗೆ ಒಬ್ಬರು ಇರಬೇಕೆಂಬುದು ನನ್ನ ಅಭಿಪ್ರಾಯ. ಹನ್ನೆರಡು, ಹದಿನೈದು ಮಕ್ಕಳನ್ನು ಒಬ್ಬಳ ಮೇಲೆ ಹೇರಿದರೆ ಎಷ್ಟು ಸಮಾಧಾನದ ಹೆಂಗಸೂ ಮಧ್ಯಾಹ್ನದ ಹೊತ್ತಿಗೆ ಕೂಗಾಡುತ್ತಾಳೆ. ಆಯಾಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ, ಆಕೆ ಎಷ್ಟು ವರ್ಷದಿಂದ ಇದ್ದಾಳೆ ಎಂದೂ ಮಾಲೀಕರನ್ನು ಕೇಳಿ. ಎರಡು ತಿಂಗಳಿಗೊಮ್ಮೆ ಆಯಾ ಬದಲಾಗುವ ಕಡೆ ಮಗುವಿಗೆ ಯಾರ ಮಡಿಲೂ ತನ್ನದೆನಿಸುವುದಿಲ್ಲ.

ಆರಂಭದ ಒಂದು ವಾರ ತಾಯಿಯೋ ತಂದೆಯೋ ಜೊತೆಗಿದ್ದು, ಪ್ರತಿ ದಿನ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತಾ ಬಿಟ್ಟು ಬನ್ನಿ. ಕದ್ದುಮುಚ್ಚಿ ಓಡಿ ಹೋಗಬೇಡಿ, ಸಲಾಂ ಹೇಳಿ ಹೋಗಿ. ಬೆಳಿಗ್ಗೆ ಬಿಡುವಾಗ ಅಳುವುದು ಸಹಜ. ಆದರೆ ವಾರಗಳು ಕಳೆದರೂ ದಿನವಿಡೀ ಅತ್ತರೆ, ರಾತ್ರಿ ಬೆಚ್ಚಿ ಎದ್ದರೆ, ನಿರ್ದಿಷ್ಟ ವ್ಯಕ್ತಿಯನ್ನು ಕಂಡು ಹೆದರಿದರೆ, ಮೈಮೇಲೆ ವಿವರಿಸಲಾಗದ ಗುರುತು ಕಂಡರೆ ಅಲಕ್ಷಿಸಬೇಡಿ. ಮಾತು ಬಾರದ ಮಗುವಿನ ದೂರು ಹೀಗೆಯೇ ಇರುತ್ತದೆ. ಡೈಪರ್ ಯಾರು ಬದಲಿಸುತ್ತಾರೆ, ಎಲ್ಲಿ ಬದಲಿಸುತ್ತಾರೆ, ಕೇಂದ್ರಕ್ಕೆ ಯಾವ ಗಂಡಸರು ಬಂದು ಹೋಗುತ್ತಾರೆ ಎಂದು ಮುಜುಗರವಿಲ್ಲದೆ ಕೇಳಿ. ಏನಾದರೂ ಕೆಟ್ಟದ್ದು ನಡೆದ ಅನುಮಾನ ಬಂದರೆ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆಡಳಿತದವರು ನಮ್ಮವರೇ, ದೀನೀ ಜನ ಎಂಬುದು ಸುಮ್ಮನಿರಲು ಕಾರಣವಾಗಬಾರದು.

ನಿದ್ದೆ ಮತ್ತು ಔಷಧ

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಪ್ರತಿ ಮಗುವಿಗೂ ಬೇರೆ ಹಾಸಿಗೆ, ಬೇರೆ ಹೊದಿಕೆ ಇರಲಿ. ಅವು ವಾರಕ್ಕೊಮ್ಮೆಯಾದರೂ ಒಗೆತ ಕಾಣಲಿ. ಹಂಚಿಕೊಂಡ ಹಾಸಿಗೆಯಿಂದಲೂ ಕಜ್ಜಿ, ಹೇನು ಹರಡಬಹುದು.

ಆದರೆ ಮಗು ಅಲ್ಲಿ ಮೂರು, ನಾಲ್ಕು ಗಂಟೆ ಅಲುಗಾಡದೆ ಮಲಗುತ್ತದೆ, ಮನೆಗೆ ಬಂದ ಮೇಲೂ ಮಂಕಾಗಿರುತ್ತದೆ ಎಂದಾದರೆ ಎಚ್ಚರವಾಗಿರಿ. ಮಕ್ಕಳು ಸುಮ್ಮನೆ ಮಲಗಲಿ ಎಂದು ಕೆಮ್ಮಿನ ಸಿರಪ್ ಕುಡಿಸುವ ಅಪಾಯಕಾರಿ ಅಭ್ಯಾಸ ಮನೆಗಳಲ್ಲೂ ಇದೆ, ಹೊರಗೂ ಇರಬಹುದು. ನೆಗಡಿ ಸಿರಪ್‌ಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಲೇಬಲ್ ಮೇಲೆ ಎಚ್ಚರಿಕೆ ಮುದ್ರಿಸಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ವೈದ್ಯರ ಚೀಟಿ ಮತ್ತು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹನಿ ಔಷಧವನ್ನೂ ಕೊಡಕೂಡದು ಎಂದು ಸೇರಿಸುವ ದಿನವೇ ಹೇಳಿ. ಯುನಾನಿ ಮದ್ದಿಗೂ ಇದೇ ನಿಯಮ. ಗಿಡಮೂಲಿಕೆಯ ಜೋಶಾಂದ ಅಲ್ಲವೇ, ಏನಾಗುತ್ತದೆ ಎಂದು ಯಾರೂ ಅಂದುಕೊಳ್ಳಬಾರದು. ಗಸಗಸೆ ಅರೆದು ಕುಡಿಸಿ ಮಲಗಿಸುವ ಹಳೆಯ ರೂಢಿಯೂ ಬೇಡ.

ಕಕ್ಕಸಿನ ಬಾಗಿಲು ತೆರೆದು ನೋಡಿ

ಕೇಂದ್ರದವರು ಸ್ವಾಗತ ಕೋಣೆಯನ್ನು ತೋರಿಸುತ್ತಾರೆ, ಆಟಿಕೆಗಳನ್ನು ತೋರಿಸುತ್ತಾರೆ. ನೀವು ಕಕ್ಕಸನ್ನು ತೋರಿಸಿ ಎಂದು ಕೇಳಿ. ಡೈಪರ್ ಬದಲಿಸುವ ಜಾಗ ಅಡುಗೆಯ ಜಾಗದಿಂದ ದೂರವಿರಬೇಕು. ಪ್ರತಿ ಮಗುವನ್ನೂ ನೀರಿನಿಂದ ತೊಳೆದು ಒರೆಸಬೇಕು. ಆಮೇಲೆ ಆಯಾ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ, ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಸಾಬೂನು ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನು ಯಾರೂ ಬಳಸುತ್ತಿಲ್ಲ ಎಂದರ್ಥ. ಡೇ ಕೇರ್‌ಗಳಲ್ಲಿ ಹರಡುವ ವಾಂತಿಭೇದಿ, ಜಂತುಹುಳು, ಕೈ ಕಾಲು ಬಾಯಿ ರೋಗ ಇವುಗಳನ್ನು ಸಾಕಷ್ಟು ಮಟ್ಟಿಗೆ ಈ ಒಂದು ಸಾಬೂನಿನ ತುಂಡು ತಡೆಯಬಲ್ಲದು. ನಿದ್ದೆಯಿಂದ ಎದ್ದವರು ಕೈ ತೊಳೆಯದೆ ಪಾತ್ರೆಯಲ್ಲಿ ಅದ್ದಬಾರದೆಂದು ಪ್ರವಾದಿಯವರಿಂದ(ಸ) ಕಲಿತ ಸಮುದಾಯ ನಮ್ಮದು. ಈ ಪ್ರಶ್ನೆ ಕೇಳಲು ನಾವು ಸಂಕೋಚ ಪಡಬೇಕಿಲ್ಲ.

ಯುನಾನಿಯಲ್ಲಿ ವಿಸರ್ಜನೆಯ ಜೊತೆಗೆ ತಡೆಯನ್ನೂ ಹೇಳಿರುವುದಕ್ಕೆ ಕಾರಣವಿದೆ. ಚಡ್ಡಿಯಲ್ಲಿ ಮಾಡಿಕೊಂಡಿತೆಂದು ಬೈದರೆ, ಕಕ್ಕಸು ಕತ್ತಲೆಯಾಗಿದ್ದರೆ, ಮಗು ಮಲವನ್ನು ತಡೆದುಕೊಳ್ಳಲು ಕಲಿಯುತ್ತದೆ. ಕೆಲವೇ ವಾರಗಳಲ್ಲಿ ಮಲಬದ್ಧತೆ, ಹೊಟ್ಟೆನೋವು, ಊಟ ಬೇಡವೆನ್ನುವುದು ಶುರುವಾಗುತ್ತದೆ. ಇಂಥ ಮಕ್ಕಳಿಗೆ ಪುಡಿ, ಸಿರಪ್ ಬರೆಯುವುದಕ್ಕಿಂತ ಆಯಾಳ ದನಿ ಬದಲಾಗುವುದು ಮುಖ್ಯ.

ನಮ್ಮ ಪಾಲಿನ ಕರ್ತವ್ಯ

ಕೇಂದ್ರದಿಂದ ಇಷ್ಟೆಲ್ಲ ಕೇಳುವ ನಾವು ಕೊಡಬೇಕಾದದ್ದೂ ಇದೆ. ಬೆಳಿಗ್ಗೆ ಮಗುವಿಗೆ ಜ್ವರ. ರಜೆ ಸಿಗುವುದಿಲ್ಲ. ಪ್ಯಾರಾಸಿಟಮಾಲ್ ಕುಡಿಸಿ, ಜ್ವರ ಇಳಿದ ಹೊತ್ತಿನಲ್ಲಿ ಏನೂ ಹೇಳದೆ ಬಿಟ್ಟು ಬರುತ್ತೇವೆ. ಇದು ಇತರ ಮಕ್ಕಳ ಹಕ್ಕಿಗೆ ಮಾಡುವ ಅನ್ಯಾಯ. ರೋಗವಿರುವ ಒಂಟೆಯನ್ನು ಆರೋಗ್ಯವಿರುವ ಒಂಟೆಗಳ ಜೊತೆ ಸೇರಿಸಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿರುವವರೆಗೆ, ವಾಂತಿಭೇದಿ ನಿಂತು 48 ಗಂಟೆ ಆಗುವವರೆಗೆ ಮಗು ಮನೆಯಲ್ಲಿರಲಿ. ಈ ರಜೆಯನ್ನು ಒಂದು ಸಲ ತಾಯಿ ಹಾಕಲಿ, ಇನ್ನೊಂದು ಸಲ ತಂದೆ ಹಾಕಲಿ. ಕಾಯಿಲೆಯ ಮಗುವನ್ನು ವಾಪಸ್ ಕಳಿಸುವ ಕೇಂದ್ರದ ಮೇಲೆ ಸಿಟ್ಟಾಗಬೇಡಿ. ಅಂಥ ಕೇಂದ್ರವೇ ಒಳ್ಳೆಯದು.

ಮೊದಲ ಕೆಲವು ತಿಂಗಳು ಮಗುವಿಗೆ ಪದೇ ಪದೇ ನೆಗಡಿಯಾಗುತ್ತದೆ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಅಸಹಜವಲ್ಲ, ಪ್ರತಿ ಸಲವೂ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಆದರೆ ಉಸಿರಾಟ ವೇಗವಾದರೆ, ಪಕ್ಕೆ ಒಳಸೆಳೆದರೆ, ಮಗು ಏನನ್ನೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ಮನೆಮದ್ದಿನಲ್ಲಿ ಸಮಯ ಕಳೆಯದೆ ಆಸ್ಪತ್ರೆಗೆ ಓಡಿ.

ಸೇರಿಸುವ ಮುನ್ನ ತಾಯಿ ಕಾರ್ಡ್ ತೆಗೆದು ಲಸಿಕೆಗಳನ್ನು ನೋಡಿ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಯುನಾನಿ ಓದಿದವನಾಗಿಯೇ ಹೇಳುತ್ತೇನೆ, ನಮ್ಮ ಯಾವ ಖಮೀರವೂ ಲಸಿಕೆಯ ಬದಲಿಗೆ ಬರುವುದಿಲ್ಲ. ಲಸಿಕೆಯ ಕಾರ್ಡ್ ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳುವ ಕೇಂದ್ರಕ್ಕೆ ನೀವೇ ಅದನ್ನು ನೆನಪಿಸಿ.

ಜಮಾಅತ್‌ಗಳಿಗೆ ಒಂದು ಮಾತು

ಒಳ್ಳೆಯ ಡೇ ಕೇರ್‌ನ ಫೀಸು ಕಟ್ಟಲಾಗದ ತಾಯಂದಿರೇ ಹೆಚ್ಚು. ಕಾನೂನಿನಲ್ಲಿ ಅವರಿಗೆ ಇರುವ ಹಕ್ಕನ್ನು ಹಲವರು ತಿಳಿದಿಲ್ಲ. ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಲು ತಾಯಿಗೆ ಅವಕಾಶವಿರಬೇಕು. ನಿಮ್ಮ ಕೆಲಸದ ಸ್ಥಳದಲ್ಲಿ ಇದನ್ನು ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಲಿಖಿತವಾಗಿ ಕೇಳಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳು ನಡೆಸುವ 'ಕೂಸಿನ ಮನೆ' ನಿಮ್ಮೂರಿನಲ್ಲಿ ಇದೆಯೇ ಎಂದು ವಿಚಾರಿಸಿ.

ನಮ್ಮ ಎಷ್ಟೋ ಮೊಹಲ್ಲಾಗಳಲ್ಲಿ ಬೆಳಗಿನ ಮದ್ರಸ ಮುಗಿದ ಮೇಲೆ ಕೋಣೆಗಳು ಸಂಜೆಯವರೆಗೆ ಖಾಲಿ ಇರುತ್ತವೆ. ನೀರಿದೆ, ಕಕ್ಕಸಿದೆ, ಕಾಂಪೌಂಡ್ ಇದೆ. ಕೆಲಸ ಹುಡುಕುತ್ತಿರುವ, ಓದಿದ ಹೆಣ್ಣುಮಕ್ಕಳೂ ಅಲ್ಲೇ ಇದ್ದಾರೆ. ಅವರಿಗೆ ಶಿಶುಪಾಲನೆ, ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಿ, ಗೌರವದ ಸಂಬಳ ಕೊಟ್ಟು, ಹತ್ತು ಹನ್ನೆರಡು ಮಕ್ಕಳ ಒಂದು ಪುಟ್ಟ ಕೇಂದ್ರವನ್ನು ನಡೆಸುವುದು ಜಮಾಅತ್‌ಗೆ ಅಸಾಧ್ಯವೇ? ಜಾತಿ ಮತ ನೋಡದೆ ಆ ಬೀದಿಯ ಎಲ್ಲ ಮಕ್ಕಳೂ ಅಲ್ಲಿಗೆ ಬರುವಂತಾಗಲಿ. ಶಾದಿಮಹಲ್‌ಗೆ ಮಾರ್ಬಲ್ ಹಾಕಿಸಲು ಚಂದಾ ಎತ್ತುವ ನಾವು ಇದಕ್ಕೂ ಎತ್ತಬಲ್ಲೆವು.

ಅಲ್ಲಿಯವರೆಗೆ, ನಿಮ್ಮ ಮಗು ಈಗಾಗಲೇ ಯಾವುದಾದರೂ ಕೇಂದ್ರಕ್ಕೆ ಹೋಗುತ್ತಿದ್ದರೆ, ಈ ವಾರ ಒಂದು ದಿನ ಅರ್ಧ ಗಂಟೆ ಮೊದಲೇ ಹೋಗಿ. ಮಗುವನ್ನು ಕರೆಯುವ ಮುನ್ನ ಕೈ ತೊಳೆಯುವ ಜಾಗಕ್ಕೆ ಹೋಗಿ ಸಾಬೂನು ಒದ್ದೆಯಾಗಿದೆಯೇ ನೋಡಿ. ಆಮೇಲೆ ಆಯಾಳ ಹೆಸರು ಕೇಳಿ, ಆಕೆಯ ಮನೆಯವರ ಕ್ಷೇಮ ವಿಚಾರಿಸಿ, ಒಂದು ಒಳ್ಳೆಯ ಮಾತನಾಡಿ ಬನ್ನಿ. ನಿಮ್ಮ ಅಮಾನತು ದಿನವಿಡೀ ಇರುವುದು ಆಕೆಯ ಕೈಯಲ್ಲಿ.